ಊರ ಎಲ್ಲೆಯೂ ಕಾರ್ಖಾನೆಯ ವಲಯವೂ

ಹೊಲದ ಬದುವಿನ ತಂಟೆಯು ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಒಕ್ಕಲಿಗರಿಗೆ ಹೊಸದಲ್ಲ. ಒಂದು ಗೇಣು ಬದು ಸರಿಯಿತೆಂದರೆ ಮೋಜಣಿದಾರನನ್ನು ಕರೆಯಿಸಿ, ಸರಪಳಿ ಹಾಕಿಸಿ, ಹದ್ದಿನ ಕಲ್ಲು ನೆಡಿಸುವ ತನಕ ಜಮೀನುದಾರನಿಗೆ ಸಮಾಧಾನವಾಗುವುದಿಲ್ಲ. ಆದರೆ ಹೊಗೆಗೆ ಬದುವಿಲ್ಲ. ದುರ್ವಾಸನೆಗೆ ಸರ್ವೆ ನಂಬರಿಲ್ಲ. ಕಾರ್ಖಾನೆಯ ಕೊಳೆನೀರು ಯಾರ ಪಹಣಿಯನ್ನೂ ನೋಡದೆ ಹಳ್ಳದ ಇಳಿಜಾರು ಹಿಡಿದು ಹೋಗುತ್ತದೆ. ಇವುಗಳ ವಿಷಯದಲ್ಲಿ ಹದ್ದಿನ ಕಲ್ಲಿನ ಕೆಲಸವನ್ನು ಮಾಡತಕ್ಕವು ವಲಯದ ನಿಯಮಗಳು. ಯಾವ ಸ್ಥಳದಲ್ಲಿ ವಸತಿ, ಯಾವ ಸ್ಥಳದಲ್ಲಿ ಬೇಸಾಯ, ಯಾವ ಸ್ಥಳದಲ್ಲಿ ಎಂಥ ಕಾರ್ಖಾನೆ, ಅವುಗಳ ನಡುವೆ ಎಷ್ಟು ಅಂತರ ಎಂಬುದನ್ನು ಮುಂಚಿತವಾಗಿಯೇ ಗೊತ್ತುಪಡಿಸುವ ಕಟ್ಟಳೆಗಳಿಗೆ ಈ ಹೆಸರು.

ಕಾರ್ಖಾನೆಗಳೇ ಬೇಡವೆಂದು ಈ ಸೀಮೆಯಲ್ಲಿ ಯಾರೂ ಹೇಳಲಾರರು. ಹತ್ತಿ ಬಿಡಿಸುವ ಜಿನ್ನು ಇಲ್ಲದಿದ್ದರೆ ಹತ್ತಿಯು ಪರಸ್ಥಳಕ್ಕೆ ಹೋಗಬೇಕು. ಬೇಳೆಯ ಗಿರಣಿ ಇಲ್ಲದಿದ್ದರೆ ತೊಗರಿಯ ಲಾಭವು ಅನ್ಯರ ಪಾಲಾಗುತ್ತದೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳಿಗೆ ಬಂದ ತರುವಾಯ ಬತ್ತದ ಬೆಳೆ ಹೆಚ್ಚಿತು, ಬತ್ತದ ಬೆನ್ನಿಗೇ ಅಕ್ಕಿಯ ಗಿರಣಿಗಳು ಬಂದವು. ೨೦೦೯ನೆಯ ಇಸವಿ ಡಿಸೆಂಬರ್ ೩೦ರಂದು ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಚೇರಿ, ರಸ್ತೆ, ಮನೆಗಳ ಕಟ್ಟಡ ನಡೆದು ಇಟ್ಟಿಗೆಯ ಭಟ್ಟಿಗಳಿಗೂ ಜಲ್ಲಿ ಕ್ರಷರುಗಳಿಗೂ ಕೆಲಸ ಹೆಚ್ಚಿತು. ಇವೆಲ್ಲವೂ ಬೇಕಾದವುಗಳೇ. ಬೇಕಾದ ವಸ್ತುವು ಬೇಡವಾದ ಸ್ಥಳದಲ್ಲಿ ನಿಂತಾಗ ತೊಂದರೆಯು ಹುಟ್ಟುತ್ತದೆ.

ಇದನ್ನು ನಮ್ಮ ಹಿಂದಿನವರು ಕಾಯಿದೆಯಿಲ್ಲದೆಯೇ ತಿಳಿದಿದ್ದರು. ಸುಣ್ಣದ ಭಟ್ಟಿಯನ್ನೂ ಕುಂಬಾರರ ಆವಿಗೆಯನ್ನೂ ಊರ ಹೊರಗೆ, ಗಾಳಿಯ ಸುಳಿವನ್ನು ನೋಡಿ ಇರಿಸುತ್ತಿದ್ದರು. ಆ ಗಾಳಿಯ ಲೆಕ್ಕವು ಇಂದಿಗೂ ಸಲ್ಲುತ್ತದೆ. ಈ ಭಾಗದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿಯು ಹೆಚ್ಚಾಗಿ ಪಡುವಣ ಮತ್ತು ನೈರುತ್ಯದಿಂದ ಬೀಸುತ್ತದೆ. ಕಾರ್ತಿಕ ಮಾರ್ಗಶಿರಗಳಲ್ಲಿ ಮೂಡಣಕ್ಕೂ ಈಶಾನ್ಯಕ್ಕೂ ತಿರುಗುತ್ತದೆ. ಆದಕಾರಣ ಊರಿನ ಪಶ್ಚಿಮದಲ್ಲಿರುವ ಭಟ್ಟಿಯ ಹೊಗೆಯು ಮಳೆಗಾಲದಲ್ಲಿಯೂ, ಪೂರ್ವದಲ್ಲಿರುವ ಭಟ್ಟಿಯ ಹೊಗೆಯು ಚಳಿಗಾಲದಲ್ಲಿಯೂ ಊರಿನ ಮೇಲೆ ಬರುತ್ತದೆ. ಎರಡರಲ್ಲಿ ಚಳಿಗಾಲದ ಉಪದ್ರವವೇ ಕಠಿಣವಾದುದು. ಆಗ ಮುಂಜಾವಿನಲ್ಲಿ ನೆಲದ ಸಮೀಪದ ಗಾಳಿಯು ತಂಪಾಗಿಯೂ ಮೇಲಿನ ಗಾಳಿಯು ಬೆಚ್ಚಗೂ ಇರುವುದರಿಂದ ಹೊಗೆಯು ಮೇಲೇರದೆ ಹೊಲದ ಮೇಲೆಯೇ ಮಲಗುತ್ತದೆ. ಇಟ್ಟಿಗೆ ಸುಡುವ ಕಾಲವೂ ಅದೇ, ಜಿನ್ನುಗಳು ನಡೆಯುವ ಕಾಲವೂ ಅದೇ, ಜೋಳ ಕಡಲೆಗಳು ತೆನೆ ಕಾಯಿ ಹಿಡಿಯುವ ಕಾಲವೂ ಅದೇ. ಊರಿನ ಉತ್ತರಕ್ಕೋ ದಕ್ಷಿಣಕ್ಕೋ, ಕೆರೆ ಬಾವಿಗಳಿಗಿಂತ ತಗ್ಗಿನಲ್ಲಿ ಇಂಥ ಉದ್ಯಮಗಳಿದ್ದರೆ ಲೇಸು. ತಮ್ಮ ಊರಿಗೆ ತಗ್ಗಾದುದು ಹಳ್ಳದ ಕೆಳಗಿನ ಊರಿಗೆ ಮೇಲಾಗುತ್ತದೆಂಬುದನ್ನು ಮಾತ್ರ ಮರೆಯಕೂಡದು.

ಇನ್ನು ಕಾಯಿದೆಯ ಮಾತು. ಪಟ್ಟಣಗಳ ಸುತ್ತಲಿನ ಹಳ್ಳಿಗಳು ೧೯೬೧ನೆಯ ಇಸವಿಯ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿದ್ದರೆ, ಅಲ್ಲಿ ಮಹಾಯೋಜನೆಯೆಂಬ ನಕ್ಷೆಯೊಂದು ಇರುತ್ತದೆ. ಅದರಲ್ಲಿ ವಸತಿಗೆ ಹಳದಿ, ಕೈಗಾರಿಕೆಗೆ ನೇರಿಳೆ, ಬೇಸಾಯಕ್ಕೆ ಹಸಿರು ಬಣ್ಣವನ್ನು ಸಾಮಾನ್ಯವಾಗಿ ಹಾಕಿರುತ್ತಾರೆ. ಈ ಬಣ್ಣಗಳನ್ನು ಜಮೀನುದಾರರು ಚಿತ್ರದ ಅಂದಕ್ಕಾಗಿ ಹಾಕಿದುದೆಂದು ಎಣಿಸಬಾರದು. ಮಹಾಯೋಜನೆಯಲ್ಲಿ ಒಪ್ಪಿದ ಉದ್ದೇಶಕ್ಕೆ ಹೊಲವನ್ನು ಬದಲಾಯಿಸುವುದಾದರೆ, ನಿಗದಿಯಾದ ಹಣ ಕಟ್ಟಿದೊಡನೆ ಅನುಮತಿಯು ದೊರೆತಂತೆಯೇ ಎಂಬ ಏರ್ಪಾಡು ಭೂ ಕಂದಾಯದ ಕಾಯಿದೆಯಲ್ಲಿ ಈಚೆಗೆ ಸೇರಿದೆ. ನೆರೆಯವನು ತಕರಾರು ಹೇಳತಕ್ಕ ಕಾಲವು ಕಾರ್ಖಾನೆಯ ಅಡಿಗಲ್ಲಿನ ದಿನವಲ್ಲ. ನಕ್ಷೆಯು ಕರಡಾಗಿ ಪ್ರಕಟವಾಗಿ ಸಾರ್ವಜನಿಕರ ಸಲಹೆಯನ್ನು ಕೇಳುವ ಕೆಲವು ದಿವಸಗಳು. ಆ ದಿವಸಗಳಲ್ಲಿ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ತಮ್ಮ ಸರ್ವೆ ನಂಬರಿನ ಅಕ್ಕಪಕ್ಕದ ಬಣ್ಣವನ್ನು ನೋಡಿಬರುವ ರೈತರು ಬಹು ವಿರಳ.

ಯೋಜನಾ ಪ್ರದೇಶದ ಹೊರಗಿನ ಹಳ್ಳಿಗಳಲ್ಲಿ ಇಂಥ ನಕ್ಷೆಯಿಲ್ಲ. ಹಾಗೆಂದು ರಕ್ಷಣೆಯೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ೧೯೬೪ನೆಯ ಇಸವಿಯ ಕರ್ನಾಟಕ ಭೂ ಕಂದಾಯ ಅಧಿನಿಯಮದ ೯೫ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಅನುಮತಿಯನ್ನು ಯಾವ ಕಾರಣಗಳಿಂದ ನಿರಾಕರಿಸಬಹುದೆಂಬುದನ್ನು ಅದೇ ಪ್ರಕರಣವು ಹೇಳುತ್ತದೆ. ಅವುಗಳಲ್ಲಿ ಒಂದು, ಆ ಬದಲಾವಣೆಯಿಂದ ಸಾರ್ವಜನಿಕ ಉಪದ್ರವ ಉಂಟಾಗುವ ಸಂಭವವಿರುವುದು. ಈ ಮಾತು ಹಳ್ಳಿಗರ ಕೈಯಲ್ಲಿರುವ ಒಳ್ಳೆಯ ಆಯುಧ. ಆದರೆ ಅರ್ಜಿಯು ಬಂದು ನಾಲ್ಕು ತಿಂಗಳೊಳಗೆ ತೀರ್ಮಾನವಾಗದಿದ್ದರೆ ಅನುಮತಿ ಕೊಟ್ಟಂತೆಯೇ ಎಂಬ ನಿಯಮವೂ ಮೂಲ ಕಾಯಿದೆಯಲ್ಲಿ ಉಂಟಾದುದರಿಂದ, ತಡವಾಗಿ ಬಂದ ತಕರಾರು ಮಳೆ ಹೋದ ಮೇಲಿನ ಬಿತ್ತನೆಯಾಗುತ್ತದೆ. ಇದಲ್ಲದೆ ೧೯೯೩ನೆಯ ಇಸವಿಯ ಪಂಚಾಯತ್ ರಾಜ್ ಅಧಿನಿಯಮವು ವಿದ್ಯುತ್ತಿನಿಂದಾಗಲಿ ಇತರ ಶಕ್ತಿಯಿಂದಾಗಲಿ ನಡೆಯುವ ಯಂತ್ರಗಳನ್ನು ಸ್ಥಾಪಿಸುವುದಕ್ಕೆ ಗ್ರಾಮ ಪಂಚಾಯತಿಯ ಅನುಮತಿಯನ್ನು ವಿಧಿಸಿದೆ. ಪಂಚಾಯತಿಯವರು ಅನುಮತಿಯ ಕಾಗದಕ್ಕೆ ಸಹಿ ಮಾಡುವಾಗ ಷರತ್ತುಗಳನ್ನು ಬರೆಯುವ ಅಧಿಕಾರವನ್ನು ಬಳಸಿಕೊಂಡರೆ ಎಷ್ಟೋ ತಂಟೆಗಳು ಅಲ್ಲಿಯೇ ತೀರುತ್ತವೆ. ರಾತ್ರಿ ಹತ್ತು ಗಂಟೆಯ ಮೇಲೆ ಗಿರಣಿ ನಡೆಯಕೂಡದು, ಹೊಟ್ಟಿನ ಬೂದಿಯನ್ನು ತೆರೆದ ಗುಂಡಿಯಲ್ಲಿ ಹಾಕಕೂಡದು ಎಂಬಂಥ ಸಣ್ಣ ಷರತ್ತುಗಳು ಸಹ ಬಿಳಿ ಬಟ್ಟೆಯನ್ನೂ ದನದ ಮೇವನ್ನೂ ಉಳಿಸುತ್ತವೆ.

ಅಂತರದ ವಿಷಯದಲ್ಲಿ ಇಟ್ಟಿಗೆ ಭಟ್ಟಿಯ ನಿಯಮವು ಸ್ಪಷ್ಟವಾಗಿದೆ. ಕೇಂದ್ರ ಸರಕಾರವು ೨೦೨೨ನೆಯ ಇಸವಿ ಫೆಬ್ರವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಭಟ್ಟಿಯು ಜನವಸತಿಯಿಂದಲೂ ಹಣ್ಣಿನ ತೋಟಗಳಿಂದಲೂ ಕನಿಷ್ಠ ೮೦೦ ಮೀಟರ್ ದೂರದಲ್ಲಿರತಕ್ಕದ್ದು; ಒಂದು ಭಟ್ಟಿಗೂ ಇನ್ನೊಂದಕ್ಕೂ ಒಂದು ಕಿಲೋಮೀಟರ್ ಅಂತರವಿರತಕ್ಕದ್ದು. ಜಲ್ಲಿ ಕ್ರಷರುಗಳಿಗೆ ೨೦೧೧ನೆಯ ಇಸವಿಯ ರಾಜ್ಯದ ಪ್ರತ್ಯೇಕ ಕಾಯಿದೆಯಿದ್ದು, ಸುರಕ್ಷಿತ ವಲಯವೆಂದು ಗುರುತಿಸಿದ ಸ್ಥಳದಲ್ಲಿ ಮಾತ್ರ ಅವುಗಳಿಗೆ ಲೈಸೆನ್ಸು. ವಲಯದೊಳಗಿದ್ದರೂ ಯಂತ್ರವನ್ನು ಮುಚ್ಚಿ, ನೀರು ಚಿಮುಕಿಸಿ, ಗಾಳಿ ತಡೆಯುವ ಗೋಡೆ ಕಟ್ಟಿ, ಒಳರಸ್ತೆಯನ್ನು ಗಟ್ಟಿ ಮಾಡಿಸಿ, ಸುತ್ತಲೂ ಗಿಡ ಬೆಳೆಸಬೇಕು. ಯಂತ್ರದಿಂದ ಮೂರರಿಂದ ಹತ್ತು ಮೀಟರ್ ದೂರದಲ್ಲಿ ಅಳೆದಾಗ ಒಂದು ಘನ ಮೀಟರ್ ಗಾಳಿಯಲ್ಲಿ ೬೦೦ ಮೈಕ್ರೋಗ್ರಾಮಿಗಿಂತ ಹೆಚ್ಚು ಧೂಳು ಇರಕೂಡದು. ಅಳೆಯುವ ಉಪಕರಣವು ಹಳ್ಳಿಗರ ಬಳಿ ಇಲ್ಲ, ನಿಜ. ಆದರೆ ಗೋಡೆಯಿದೆಯೋ ಇಲ್ಲವೋ, ನೀರಿನ ಕೊಳವೆ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಬರಿಗಣ್ಣಿನಿಂದ ನೋಡಬಹುದು. ತೊಗರಿಯ ಎಲೆಯ ಮೇಲೆ ಧೂಳು ಕುಳಿತರೆ ಬೆಳಕು ಕಡಿಮೆಯಾಗಿ ಎಲೆಯ ಉಸಿರಾಟದ ರಂಧ್ರಗಳು ಮುಚ್ಚುತ್ತವೆ. ಅರಳಿದ ಹತ್ತಿಯ ಮೇಲೆ ಕುಳಿತರೆ ಪೇಟೆಯಲ್ಲಿ ಬೆಲೆ ಇಳಿಯುತ್ತದೆ.

ಇಲ್ಲಿ ಜಮೀನುದಾರರ ಪಾಲಿನ ತಪ್ಪನ್ನೂ ಹೇಳಬೇಕಾಗುತ್ತದೆ. ಹಲವು ಕಡೆ ಭಟ್ಟಿಗೆ ಸ್ಥಳ ಕೊಡುವವರು ಹೊರಗಿನವರಲ್ಲ. ಊರಿನ ದೊಡ್ಡ ಹಿಡುವಳಿದಾರರೇ. ಬರದ ವರ್ಷ ಕೈಗೆ ಬಂದ ಬಾಡಿಗೆಯು ದೊಡ್ಡದಾಗಿ ಕಾಣುತ್ತದೆ. ಭಟ್ಟಿಯವನು ಅಗೆಯುವುದು ಮೇಲ್ಮಣ್ಣನ್ನು. ತಲೆತಲಾಂತರದಿಂದ ಗೊಬ್ಬರ ಹಾಕಿ ಹದಗೊಳಿಸಿದ ಆ ಮಣ್ಣು ಇಟ್ಟಿಗೆಯಾಗಿ ಪಟ್ಟಣ ಸೇರಿದ ಮೇಲೆ ಉಳಿಯುವುದು ಗುಂಡಿ. ಹೊಗೆಯಾದರೋ ನೆರೆಯವನ ಪಾಲಿಗೆ. ಇಂಥವರು ಪಂಚಾಯತಿಯ ಸಭೆಯಲ್ಲಿ ಕುಳಿತು ಬೇರೆ ಕಾರ್ಖಾನೆಯ ಮೇಲೆ ಠರಾವು ಮಾಡಿದರೆ ಆ ಠರಾವಿಗೆ ತೂಕವೆಲ್ಲಿಂದ ಬರಬೇಕು?

ದೊಡ್ಡ ಕೈಗಾರಿಕೆಗಳ ದಾರಿಯೇ ಬೇರೆ. ೧೯೬೬ನೆಯ ಇಸವಿಯ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಅಧಿನಿಯಮದಂತೆ ಸರಕಾರವು ಯಾವುದೇ ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಘೋಷಿಸಿ, ೨೮ನೆಯ ಪ್ರಕರಣದಂತೆ ಅಲ್ಲಿನ ಜಮೀನುಗಳನ್ನು ಸ್ವಾಧೀನಪಡಿಸಿಕೊಳ್ಳಬಹುದು. ಸೈದಾಪುರದ ಸಮೀಪದಲ್ಲಿ ಕಡೇಚೂರು ಮತ್ತು ಬಾಡಿಯಾಳ ಗ್ರಾಮಗಳ ಹೆಸರಿನಿಂದ ಕರೆಯಲ್ಪಡುವ ಕೈಗಾರಿಕಾ ಪ್ರದೇಶವು ಹೀಗೆಯೇ ಹುಟ್ಟಿತು. ೨೦೧೦ರ ದಶಕದ ಆದಿಯಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕಿದ ಭೂಮಿಯು ಅದಕ್ಕೆ ಸೇರಿತು. ರಾಯಚೂರು ಹೈದರಾಬಾದುಗಳ ಕಡೆಗೆ ರಸ್ತೆ, ಹತ್ತಿರದಲ್ಲಿಯೇ ರೈಲು, ಕೃಷ್ಣೆ ಭೀಮೆಯರ ನೀರು, ಇವೆಲ್ಲವೂ ಅನುಕೂಲವಾಗಿದ್ದುವು. ರೈಲು ಬೋಗಿಯ ಕಾರ್ಖಾನೆಯು ಅಲ್ಲಿ ಸ್ಥಾಪಿತವಾದಾಗ ಸೀಮೆಯ ಯುವಕರಿಗೆ ಉದ್ಯೋಗದ ಆಶೆಯೂ ಹುಟ್ಟಿತು. ಆಮೇಲೆ ಔಷಧಿಗಳ ಮೂಲದ್ರವ್ಯಗಳನ್ನೂ ರಾಸಾಯನಿಕಗಳನ್ನೂ ತಯಾರಿಸುವ ಕಾರ್ಖಾನೆಗಳು ಬಂದುವು. ಸುತ್ತಲಿನ ಹಳ್ಳಿಗಳವರು ರಾತ್ರಿಯ ದುರ್ವಾಸನೆಯನ್ನೂ, ಹಳ್ಳ ಸೇರುವ ಕೊಳೆನೀರನ್ನೂ, ಜನ ಜಾನುವಾರುಗಳ ಆರೋಗ್ಯವನ್ನೂ ಕುರಿತು ಅಲ್ಲಿಂದೀಚೆಗೆ ಮತ್ತೆ ಮತ್ತೆ ಫಿರ್ಯಾದಿ ಮಾಡುತ್ತ ಬಂದಿದ್ದಾರೆ.

ಈ ಫಿರ್ಯಾದಿಗಳ ಹಿಂದಿರುವ ತೊಡಕನ್ನು ಊರ ಹಿರಿಯರು ಚೆನ್ನಾಗಿ ತಿಳಿಯಬೇಕು. ೨೮ನೆಯ ಪ್ರಕರಣದ ನೋಟೀಸು ಜಮೀನಿನ ಒಡೆಯನಿಗೆ ಬರುತ್ತದೆ. ಅವನು ಮೂವತ್ತು ದಿವಸಗಳೊಳಗೆ ತಕರಾರು ಹೇಳಬಹುದು. ಅವನ ಮನಸ್ಸೆಲ್ಲವೂ ಆಗ ಪರಿಹಾರದ ದರದ ಮೇಲಿರುತ್ತದೆ, ಅದು ಸಹಜವೇ. ಯಾರ ಹೊಲವು ಸ್ವಾಧೀನಕ್ಕೆ ಹೋಗದೆ ಎಲ್ಲೆಯ ಪಕ್ಕದಲ್ಲಿ ಉಳಿಯುತ್ತದೆಯೋ ಅವನಿಗೆ ನೋಟೀಸೂ ಇಲ್ಲ, ಪರಿಹಾರವೂ ಇಲ್ಲ. ಮುಂದೆ ಗಾಳಿಯೂ ನೀರೂ ಮಾತ್ರ ಅವನ ಪಾಲಿಗೆ ಬರುತ್ತವೆ. ಇನ್ನೊಂದು ಸಂಗತಿಯುಂಟು. ೨೦೦೬ನೆಯ ಇಸವಿಯ ಪರಿಸರ ಅಧಿಸೂಚನೆಯಂತೆ ದೊಡ್ಡ ರಾಸಾಯನಿಕ ಕಾರ್ಖಾನೆಯು ಬಯಲಿನಲ್ಲಿ ಒಂಟಿಯಾಗಿ ನಿಲ್ಲಬೇಕಾದರೆ ಆ ಸ್ಥಳದಲ್ಲಿಯೇ ಸಾರ್ವಜನಿಕರ ಅಹವಾಲಿನ ಸಭೆಯು ನಡೆಯತಕ್ಕದ್ದು. ಆದರೆ ಇಡೀ ಕೈಗಾರಿಕಾ ಪ್ರದೇಶಕ್ಕೇ ಪರಿಸರ ಅನುಮತಿಯು ದೊರೆತಿದ್ದರೆ, ಅದರೊಳಗೆ ಬರುವ ಒಂದೊಂದು ಕಾರ್ಖಾನೆಗೂ ಪ್ರತ್ಯೇಕ ಸಭೆ ಕರೆಯಬೇಕಾಗಿಲ್ಲ. ಎಂದರೆ, ಪ್ರದೇಶದ ಗೆರೆ ಎಳೆಯುವ ದಿನ ಸುಮ್ಮನಿದ್ದ ಊರಿಗೆ ಆಮೇಲೆ ಬರುವ ಐವತ್ತು ಕಾರ್ಖಾನೆಗಳ ವಿಷಯದಲ್ಲಿ ಬಾಯಿ ಬಿಡುವ ವೇದಿಕೆಯೇ ದೊರೆಯದೆ ಹೋಗಬಹುದು.

ಸಭೆಯು ನಡೆಯುವ ಪಕ್ಷದಲ್ಲಿ ಅದರ ಕ್ರಮವು ಹೀಗಿದೆ. ಕನಿಷ್ಠ ಮೂವತ್ತು ದಿವಸ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶವು ಕನ್ನಡದಲ್ಲಿ ದೊರೆಯಬೇಕು. ಜಿಲ್ಲಾಧಿಕಾರಿಗಳೋ ಅವರು ನೇಮಿಸಿದ ಅಧಿಕಾರಿಗಳೋ ಅಧ್ಯಕ್ಷತೆ ವಹಿಸಬೇಕು. ಸಭೆಗೆ ಇಂತಿಷ್ಟು ಜನ ಬರಬೇಕೆಂಬ ನಿಯಮವಿಲ್ಲ. ಹತ್ತು ಜನ ಬಂದರೂ ಸಭೆಯೇ, ಸಾವಿರ ಜನ ಬಂದರೂ ಸಭೆಯೇ. ಬಂದವರು ಆಡಿದ ಮಾತು ದಾಖಲೆಗೆ ಸೇರುತ್ತದೆ. ಸಭೆಯನ್ನು ಬಹಿಷ್ಕರಿಸಿ ಹೊರಗೆ ಕೂಗಿದವರ ಮಾತು ಯಾವ ಕಾಗದದಲ್ಲಿಯೂ ಉಳಿಯುವುದಿಲ್ಲ.

ಎಲ್ಲೆ ಸರಿಯಾಗಿಲ್ಲದ ರಾಸಾಯನಿಕ ಕೈಗಾರಿಕೆಯಿಂದ ಬೇಸಾಯಕ್ಕೆ ಏನಾಗುತ್ತದೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ೧೯೭೦ರ ದಶಕದಿಂದ ಔಷಧಿ ಮತ್ತು ರಾಸಾಯನಿಕ ಕಾರ್ಖಾನೆಗಳು ಬೆಳೆದುವು. ಅವುಗಳ ಕೊಳೆನೀರು ನಕ್ಕವಾಗು ಎಂಬ ಹಳ್ಳಕ್ಕೆ ಬಿದ್ದು ಮಂಜೀರಾ ನದಿಯವರೆಗೂ ಹೋಯಿತು. ಆ ಹಳ್ಳದ ಎರಡು ದಂಡೆಗಳ ಬತ್ತದ ಗದ್ದೆಗಳು ಕೆಟ್ಟುವು. ಬಾವಿಗಳ ನೀರು ಕುಡಿಯಲಾಗದಂತಾಯಿತು. ೧೯೯೦ನೆಯ ಇಸವಿಯಲ್ಲಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ರೈತರಿಗೆ ಪರಿಹಾರ ಕೊಡಬೇಕೆಂಬ ಆಜ್ಞೆಯೂ ಆಯಿತು. ಪರಿಹಾರದ ಹಣವು ಗದ್ದೆಯನ್ನು ಮೊದಲಿನಂತೆ ಮಾಡಲಿಲ್ಲ. ಈ ಸೀಮೆಯ ಎರೆಭೂಮಿಯ ಸ್ಥಿತಿಯು ಇನ್ನೂ ಸೂಕ್ಷ್ಮವಾದುದು. ಬೇಸಗೆಯಲ್ಲಿ ಎರೆಯು ಮೊಳದುದ್ದ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಪದರಕ್ಕೆ ನೇರವಾಗಿ ಹೋಗುತ್ತದೆ. ನೀರಿನಲ್ಲಿ ಸೋಡಿಯಂ ಲವಣವು ಹೆಚ್ಚಾಗಿದ್ದರೆ ಮಣ್ಣಿನ ಕಣಗಳು ಒಡೆದು, ನೀರು ಇಂಗದೆ, ನೆಲವು ಚೌಳಾಗುತ್ತದೆ. ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲು, ಕುಂಟೆಗೂ ಬಗ್ಗುವುದಿಲ್ಲ. ಜಿಪ್ಸಮ್ಮು ಹಾಕಿ, ಬಸಿಗಾಲುವೆ ತೆಗೆದು ಅದನ್ನು ಸರಿಪಡಿಸಲು ವರ್ಷಗಳು ಹಿಡಿಯುತ್ತವೆ.

ಈಗಾಗಲೇ ನಿಂತಿರುವ ಕಾರ್ಖಾನೆಯ ನೆರೆಯಲ್ಲಿರುವವರು ಮೊದಲು ಕೇಳತಕ್ಕದ್ದು ಸಮ್ಮತಿಪತ್ರವನ್ನು. ೧೯೭೪ನೆಯ ಇಸವಿಯ ಜಲ ಕಾಯಿದೆ ಮತ್ತು ೧೯೮೧ನೆಯ ಇಸವಿಯ ವಾಯು ಕಾಯಿದೆಗಳಂತೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ಕಾರ್ಖಾನೆಗೆ ಸ್ಥಾಪನೆಗೊಂದು, ನಡೆಸುವುದಕ್ಕೊಂದು ಸಮ್ಮತಿಯನ್ನು ಕೊಡುತ್ತದೆ. ಎಷ್ಟು ನೀರು ಹೊರಬಿಡಬಹುದು, ಅಥವಾ ಒಂದು ಹನಿಯನ್ನೂ ಬಿಡಕೂಡದೋ, ಹೊಗೆಗೊಳವೆಯು ಎಷ್ಟು ಎತ್ತರವಿರಬೇಕು ಎಂಬುದೆಲ್ಲವೂ ಅದರಲ್ಲಿ ಬರೆದಿರುತ್ತದೆ. ಜಲ ಕಾಯಿದೆಯ ೨೫ನೆಯ ಪ್ರಕರಣದಂತೆ ಈ ಷರತ್ತುಗಳ ದಾಖಲೆ ಪುಸ್ತಕವನ್ನು ಆ ನೀರಿನಿಂದ ಬಾಧಿತರಾದವರು ನೋಡಬಹುದು. ಹೊರಬಿಡುವ ನೀರಿನ ಆಮ್ಲಕ್ಷಾರದ ಅಂಕವು ೫.೫ರಿಂದ ೯ರೊಳಗೂ, ಜೈವಿಕ ಆಮ್ಲಜನಕದ ಬೇಡಿಕೆಯು ಹಳ್ಳ ಹೊಳೆಗಳಿಗೆ ಬಿಡುವುದಾದರೆ ಲೀಟರಿಗೆ ೩೦ ಮಿಲಿಗ್ರಾಮಿನೊಳಗೂ, ಬೇಸಾಯದ ನೆಲಕ್ಕೆ ಹಾಯಿಸುವುದಾದರೆ ೧೦೦ರೊಳಗೂ ಇರಬೇಕೆಂಬುದು ಸಾಮಾನ್ಯ ಮಿತಿ.

ಸಿಟ್ಟಿನಲ್ಲಿ ಹಳ್ಳದ ನೀರನ್ನು ಶೀಸೆಯಲ್ಲಿ ತುಂಬಿಕೊಂಡು ಕಚೇರಿಗೆ ಹೋಗುವುದು ವಾಡಿಕೆಯಾಗಿದೆ. ಆ ಶೀಸೆಯು ಅಧಿಕಾರಿಗಳ ಗಮನ ಸೆಳೆಯಬಹುದೇ ಹೊರತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ೨೧ನೆಯ ಪ್ರಕರಣದ ಕ್ರಮದಂತೆ, ಕಾರ್ಖಾನೆಯವನಿಗೆ ನೋಟೀಸು ಕೊಟ್ಟು, ಮಂಡಳಿಯ ಅಧಿಕಾರಿಯೇ ತೆಗೆದು ಮುದ್ರೆ ಹಾಕಿದ ಮಾದರಿಯು ಮಾತ್ರ ಸಾಕ್ಷ್ಯವಾಗುತ್ತದೆ. ಆದುದರಿಂದ ಊರವರ ಉಪಯುಕ್ತ ಕೆಲಸವೆಂದರೆ ಒಂದು ದಫ್ತರವನ್ನು ಇಡುವುದು. ಯಾವ ದಿನ, ಎಷ್ಟು ಗಂಟೆಗೆ, ಗಾಳಿ ಯಾವ ದಿಕ್ಕಿನಿಂದ, ಎಂಥ ವಾಸನೆ, ಹಳ್ಳದ ನೀರು ಯಾವ ಬಣ್ಣ, ಯಾರ ಎಮ್ಮೆ ಯಾವ ದಿನ ಆ ನೀರು ಕುಡಿದು ಮೇವು ಬಿಟ್ಟಿತು ಎಂದು ಒಬ್ಬರೇ ಒಂದೇ ಕ್ರಮದಲ್ಲಿ ಬರೆಯುತ್ತ ಬಂದರೆ, ಯಾವ ಹೊತ್ತಿಗೆ ಬರಬೇಕೆಂಬುದು ಮಂಡಳಿಯ ಅಧಿಕಾರಿಗೂ ತಿಳಿಯುತ್ತದೆ.

ಜಮೀನುದಾರರ ಇಂಥ ದೂರಿನಿಂದಲೇ ಕಾಯಿದೆ ಹುಟ್ಟಿದ ಉದ��ಹರಣೆಯು ಇಂಗ್ಲೆಂಡಿನಲ್ಲಿದೆ. ಅಲ್ಲಿನ ಸೋಡಾ ಕಾರ್ಖಾನೆಗಳು ಬಿಡುತ್ತಿದ್ದ ಆಮ್ಲದ ಹಬೆಯಿಂದ ಸುತ್ತಲಿನ ಮರಗಳೂ ಪೈರುಗಳೂ ಸುಡುತ್ತಿದ್ದುವು. ಲಾರ್ಡ್ ಡರ್ಬಿ ಮೊದಲಾದ ಭೂಮಾಲಿಕರು ಪಾರ್ಲಿಮೆಂಟಿನಲ್ಲಿ ಒತ್ತಾಯ ಮಾಡಿದುದರಿಂದ ೧೮೬೩ನೆಯ ಇಸವಿಯಲ್ಲಿ ಕ್ಷಾರದ ಕಾರ್ಖಾನೆಗಳ ಕಾಯಿದೆಯು ಬಂದು, ಆ ಆಮ್ಲದಲ್ಲಿ ನೂರಕ್ಕೆ ೯೫ ಪಾಲನ್ನು ಕಾರ್ಖಾನೆಯೇ ಹಿಡಿದಿಡಬೇಕೆಂದು ಕಟ್ಟಳೆಯಾಯಿತು. ಹಿಡಿದ ಆಮ್ಲವು ಬೇರೆ ಕೆಲಸಕ್ಕೆ ಬರುವುದೆಂಬುದು ಮಾಲಿಕರಿಗೆ ಆಮೇಲೆ ತಿಳಿಯಿತು!

ಉಪದ್ರವವು ತೀವ್ರವಾದಾಗ ಉಪವಿಭಾಗದ ದಂಡಾಧಿಕಾರಿಗಳ ಮುಂದೆ ಹೋಗುವ ದಾರಿಯೂ ಇದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ೧೩೩ನೆಯ ಪ್ರಕರಣದಲ್ಲಿದ್ದ ಈ ಅಧಿಕಾರವು ೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೫೨ನೆಯ ಪ್ರಕರಣದಲ್ಲಿ ಉಳಿದಿದೆ. ಮಧ್ಯಪ್ರದೇಶದ ರತಲಾಮ ಪಟ್ಟಣದ ನಿವಾಸಿಗಳು ತೆರೆದ ಚರಂಡಿ ಮತ್ತು ಮದ್ಯಸಾರದ ಕಾರ್ಖಾನೆಯ ಕೊಳೆನೀರಿನ ವಿಷಯದಲ್ಲಿ ಇದೇ ದಾರಿಯನ್ನು ಹಿಡಿದು, ೧೯೮೦ನೆಯ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು; ಹಣವಿಲ್ಲವೆಂಬ ಪುರಸಭೆಯ ಸಬೂಬನ್ನು ನ್ಯಾಯಾಲಯವು ಒಪ್ಪಲಿಲ್ಲ. ಬೆಳೆ, ಜಾನುವಾರು, ಆಸ್ತಿಗಳ ನಷ್ಟಕ್ಕೆ ಪರಿಹಾರ ಬೇಕಾದವರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಪೀಠವು ಚೆನ್ನೈಯಲ್ಲಿದೆ. ಪರಿಹಾರದ ಅರ್ಜಿಗೆ ನಷ್ಟದ ಕಾರಣವು ಮೊದಲು ಹುಟ್ಟಿದಂದಿನಿಂದ ಐದು ವರ್ಷಗಳ ಅವಧಿಯಿದೆ. ದಫ್ತರವಿಲ್ಲದ ಊರಿಗೆ ಆ ಮೊದಲಿನ ದಿನ ಯಾವುದೆಂದು ತೋರಿಸುವುದೇ ಕಷ್ಟ.

ಕೊನೆಯದಾಗಿ ಅಳತೆಯ ವಿಷಯ. ಜನವಸತಿಯಿಂದ ಇಷ್ಟು ಮೀಟರ್ ಎಂದು ನಿಯಮ ಹೇಳಿದಾಗ ಸರಪಳಿಯ ತುದಿಯನ್ನು ಎಲ್ಲಿ ಇಡುತ್ತಾರೆಂಬುದು ಮುಖ್ಯ. ಹಳೆಯ ಮೋಜಣಿ ನಕ್ಷೆಯ ಗಾಂವಠಾಣವು ಅಗಸಿಯೊಳಗಿನ ಊರಷ್ಟೇ. ಆಮೇಲೆ ಹೊಲಗಳಲ್ಲಿ ಎದ್ದ ಮನೆಗಳು, ಆಶ್ರಯದ ಬಡಾವಣೆಗಳು, ಗುಡ್ಡದ ಬುಡದ ತಾಂಡಾಗಳು ಅದರಲ್ಲಿ ಕಾಣುವುದಿಲ್ಲ. ನಕ್ಷೆಯಲ್ಲಿ ಕಾಣದ ಮನೆಗೆ ಅಂತರದ ರಕ್ಷಣೆ ಕೇಳುವುದು ತೊಡಕಿನ ಕೆಲಸ. ೨೦೨೩ನೆಯ ಇಸವಿ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಯಾದಗಿರಿಯೂ ಸೇರಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿಗೆ, ಹೆಚ್ಚಾಗಿ ತಾಂಡಾಗಳವರಿಗೆ, ಹಕ್ಕುಪತ್ರಗಳು ದೊರೆತು, ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳಾದುವು. ಹಾಗಾದ ತಾಂಡಾಗಳ ಎಲ್ಲೆಯನ್ನು ನಕ್ಷೆಯಲ್ಲಿ ಏರಿಸಲಾಗಿದೆಯೇ, ಊರ ಹೊರಗಿನ ಮನೆಗಳು ಪಂಚಾಯತಿಯ ಪುಸ್ತಕದಲ್ಲಿ ಸೇರಿವೆಯೇ ಎಂಬುದನ್ನು ಪಂಚಾಯತಿಯ ಅಧ್ಯಕ್ಷರು ಮುಂದಿನ ಭಟ್ಟಿಯ ಅರ್ಜಿಯು ಬರುವ ಮುಂಚೆಯೇ ತಹಸೀಲು ಕಚೇರಿಯಲ್ಲಿ ವಿಚಾರಿಸಿ ತಿಳಿಯತಕ್ಕದ್ದು.